ಶಿವಮಲ್ಲುವಿನ ಗಂಟಲಿಗೆ ಕರೆಂಟು ಕೊಟ್ಟಿದ್ದು

ಗುಂಡ್ಲುಪೇಟೆಯ ಹೊರಗೆ, ಕೇರಳದ ಲಾರಿಗಳು ಮೂತಿ ತಿರುಗಿಸುವ ಜಾಗದಲ್ಲಿ, ಮರಿಮಲ್ಲಪ್ಪನವರ ತರಕಾರಿ ಮಂಡಿ ಇದೆ. ಅಲ್ಲಿ ಹರಾಜು ಮುಗಿಯಿತು ಎಂದು ಸಾರಲು ಸುತ್ತಿಗೆ ಇಲ್ಲ, ಗಂಟೆ ಇಲ್ಲ. ಕೂಗುವವನು ಉಗುಳು ನುಂಗಿದರೆ ಮುಗಿಯಿತು. ಆ ಕ್ಷಣದಲ್ಲಿ ಯಾರ ಬೆಲೆ ಅವನ ಬಾಯಲ್ಲಿತ್ತೋ ಮಾಲು ಅವರದು. ಮರಿಮಲ್ಲಪ್ಪನವರ ತಂದೆಯ ಕಾಲದಲ್ಲಿ ಒಂದು ಸುತ್ತಿಗೆ ಇತ್ತಂತೆ. ಬೂದುಗುಂಬಳದ ಜಗಳದಲ್ಲಿ ಅದು ಯಾರದೋ ತಲೆಗೆ ಉಪಯೋಗವಾಯಿತು. ಗಂಟಲನ್ನಾದರೆ ಯಾರೂ ಕಿತ್ತುಕೊಂಡು ಹೊಡೆಯಲಾರರು ಎಂದು ಹಿರಿಯರು ಈ ಏರ್ಪಾಡು ಮಾಡಿದರು.

ಆ ಗಂಟಲು ಈಗ ಇಪ್ಪತ್ತು ವರ್ಷದಿಂದ ನನ್ನ ಪಕ್ಕದ ಮನೆಯ ಶಿವಮಲ್ಲುವಿನದು.

ಶಿವಮಲ್ಲು ಕುದೇರಿನವನು. ಚಿಕ್ಕಂದಿನಲ್ಲಿ ಜೋಳದ ಹೊಲದಲ್ಲಿ ಗಿಳಿ ಓಡಿಸುವ ಕೆಲಸ. ಡಬ್ಬ ಬಡಿಯಲು ಸೋಮಾರಿತನ, ಹಾಗಾಗಿ ಕೂಗು ಕಲಿತ. ಗಿಳಿಗಳು ಹೋದವು, ಜೊತೆಗೆ ಪಕ್ಕದ ಹೊಲದವನ ಎತ್ತೂ ಹಗ್ಗ ಕಿತ್ತುಕೊಂಡು ಹೋಯಿತು. ಮಂಡಿಗೆ ಮೂಟೆ ಹೊರಲು ಬಂದವನು, ಹಳೆಯ ಕೂಗುಗಾರನಿಗೆ ಜ್ವರ ಬಂದ ದಿನ ಕ್ರೇಟು ಬೋರಲು ಹಾಕಿ ಹತ್ತಿದ, ಮತ್ತೆ ಇಳಿಯಲಿಲ್ಲ. ಬೆಲೆಯನ್ನು ಕನ್ನಡದಲ್ಲಿ ಕೂಗುತ್ತಾನೆ, ತಮಿಳಿನಲ್ಲಿ ಬಯ್ಯುತ್ತಾನೆ, ಮಲಯಾಳದಲ್ಲಿ ಪುಸಲಾಯಿಸುತ್ತಾನೆ. ಒಂದೇ ಉಸಿರಿನಲ್ಲಿ ಬೀನ್ಸನ್ನು ನೆಲದಿಂದ ಅಟ್ಟಕ್ಕೆ ಏರಿಸುತ್ತಾನೆ. ವ್ಯಾಪಾರಿಗಳೆಲ್ಲ ಕತ್ತೆತ್ತಿ ಅವನ ಗಂಟಲಮಣಿಯನ್ನೇ ನೋಡುತ್ತಾರೆ. ನನ್ನ ಹೆಂಡತಿ ನನ್ನನ್ನು ಅಷ್ಟು ಗಮನವಿಟ್ಟು ನೋಡಿದ್ದು ಮದುವೆಗೆ ಮುಂಚೆ ಒಂದೇ ಸಲ, ಅದೂ ಫೋಟೋದಲ್ಲಿ.

ಮಂಡಿಯಲ್ಲಿ ಇನ್ನೊಂದು ಪದ್ಧತಿ ಉಂಟು. ಪಕ್ಕದವನಿಗೆ ಕೇಳಿಸದಂತೆ ಬೆಲೆ ಏರಿಸಬೇಕೆನ್ನುವ ವ್ಯಾಪಾರಿ ಬಾಯಿ ಬಿಡುವುದಿಲ್ಲ. ತನ್ನ ಮಣಿಕಟ್ಟಿನ ಮೇಲೆ ಬೆರಳಿಡುತ್ತಾನೆ. ಎಷ್ಟು ಬೆರಳೋ ಕಿಲೋಗೆ ಅಷ್ಟು ರೂಪಾಯಿ ಮೇಲೆ. ಕೂಗುವವನು 'ಕಂಡೆ' ಎನ್ನುವುದಕ್ಕೆ ತನ್ನ ಮಣಿಕಟ್ಟಿನ ಮೇಲೂ ಅಷ್ಟೇ ಬೆರಳಿಟ್ಟು ತೋರಿಸುತ್ತಾನೆ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾವ್ಯಾರೂ ಇಟ್ಟುಕೊಳ್ಳಲಿಲ್ಲ.

ಈ ವರ್ಷ ಆಷಾಢದಲ್ಲಿ ಒಂದು ಬೆಳಿಗ್ಗೆ ಶಿವಮಲ್ಲುವಿಗೆ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಾಯಿತು. ನೋವಿಲ್ಲ, ಕೆಮ್ಮಿಲ್ಲ, ಕೂಗು ಹಾಗೇ ಇದೆ. ಆದರೆ ಏನೋ ಒಂದು ಗಂಟು, ನೆಲ್ಲಿಕಾಯಿಯಷ್ಟು, ಮೇಲಕ್ಕೂ ಬಾರದು ಕೆಳಕ್ಕೂ ಇಳಿಯದು. ಇದೆಯೋ ಇಲ್ಲವೋ ನೋಡೋಣ ಎಂದು ಉಗುಳು ನುಂಗಿದ. ಇತ್ತು. ಅಷ್ಟರಲ್ಲಿ ಒಬ್ಬರ ಬೀಟ್‌ರೂಟು ಮಣ್ಣಿನ ಬೆಲೆಗೆ ಮಾರಿಹೋಗಿತ್ತು.

ಮರುದಿನ ಸೋರೆಕಾಯಿ ಹೋಯಿತು. ಅದರ ಮರುದಿನ ಬದನೆ. ಬೆಳೆದವರು ಮಂಡಿಯ ಬಾಗಿಲಲ್ಲೇ ನಿಂತು ಶಿವಮಲ್ಲುವಿನ ವಂಶವೃಕ್ಷವನ್ನು ಬೇರುಸಮೇತ ಅಲ್ಲಾಡಿಸಿದರು. ಕೇರಳದವರಿಂದ ಅವನು ಏನೋ ಈಸಿಕೊಂಡಿದ್ದಾನೆ ಎಂಬ ಗುಸುಗುಸು ಹುಟ್ಟಿತು.

ಮರಿಮಲ್ಲಪ್ಪನವರು ಅವನನ್ನು ಕರೆದು ಒಂದು ರಟ್ಟಿನ ಡಬ್ಬ ತೋರಿಸಿದರು. ಒಳಗೆ ಇಸ್ಕೂಲಿನಲ್ಲಿರುವಂಥ ಎಲೆಕ್ಟ್ರಿಕ್ ಬೆಲ್ಲು. "ಓಣಂ ಸಂತೆ ಒಳಗೆ ನಿನ್ ಗಂಟ್ಲು ಸರಿಯಾಗ್ಬೇಕು ಕಣ್ಲಾ. ಅಲ್ಲೀಗಂಟ ಬ್ಯಾರೆಯವ್ನು ಕೂಗ್ಲಿ, ನೀನು ಕ್ರೇಟು ಅತ್ಬ್ಯಾಡ. ಇಲ್ದಿದ್ರೆ ಇದುನ್ನ ಗ್ವಾಡೆಗೆ ಒಡಸ್ತೀನಿ. ನಮ್ಮಳಿಯ ಒತ್ಕಂಡ್ ಕೂತ್ಕತಾನೆ. ನೀನು ಮೊದ್ಲಿನಂಗೆ ಮೂಟೆ ಒರು."

ಓಣಂ ಸಂತೆ ಎಂದರೆ ಮಂಡಿಯ ಮದುವೆಮನೆ. ಆ ದಿನ ಕ್ರೇಟಿನ ಮೇಲೆ ನಿಲ್ಲದಿದ್ದರೆ ಶಿವಮಲ್ಲು ಶಿವಮಲ್ಲುವೇ ಅಲ್ಲ. ಅವನು ಆ ರಾತ್ರಿ ನಮ್ಮ ಜಗಲಿಗೆ ಬಂದು ಕುಳಿತ. ನಾನು ವಿಮೆ ಏಜೆಂಟು. ನನ್ನನ್ನು ಕಂಡರೆ ಊರವರು ರಸ್ತೆ ದಾಟುತ್ತಾರೆ. ತಾನಾಗಿ ನನ್ನ ಜಗಲಿಗೆ ಬಂದು ಕೂರುವವನಿಗೆ ನಿಜವಾಗಿಯೂ ಕಷ್ಟ ಬಂದಿದೆ ಎಂದೇ ಅರ್ಥ.

"ಸಾ, ಏನೋ ಅದೆ ಸಾ ಇಲ್ಲಿ," ಎಂದ, ಗಂಟಲು ಹಿಡಿದು.

"ಊಟ ಸೇರುತ್ತಾ?"

"ಅದೇ ಸಾ ಇಚಿತ್ರ. ಮುದ್ದೆ ನುಂಗುವಾಗ ಇರಕಿಲ್ಲ. ಕೈ ತೊಳುದ್ನೋ, ವಾಪಸ್ ಬಂದು ಕೂತ್ಕತದೆ."

ಇದೇ ಕಾರಣಕ್ಕೆ ಅವನು ಹೊತ್ತಿಗೆ ಎರಡು ಮುದ್ದೆ ಹೆಚ್ಚಿಗೆ ನುಂಗತೊಡಗಿದ್ದ. ಅಂಗಿಯ ಗುಂಡಿಗಳು ಒಂದೊಂದಾಗಿ ರಾಜೀನಾಮೆ ಕೊಡುತ್ತಿದ್ದವು. ಆದರೆ ಊರು ಸುಮ್ಮನಿರುತ್ತದೆಯೇ? 'ಶಿವಮಲ್ಲಿನ ಗಂಟ್ಲಲ್ಲಿ ಮುದ್ದೆ ಗಂಟು ಸಿಕ್ಕಂಡದೆ' ಎಂದು ಹಬ್ಬಿಸಿತು. ನಮ್ಮ ಸೀಮೆಯಲ್ಲಿ ಒಬ್ಬ ಹೆಂಗಸಿನ ಬಗ್ಗೆ ಏನು ಬೇಕಾದರೂ ಹೇಳಿ ಬದುಕಬಹುದು, ಅವಳ ಮುದ್ದೆಯಲ್ಲಿ ಗಂಟಿದೆ ಎಂದು ಮಾತ್ರ ಹೇಳಬಾರದು. ಶಿವಮಲ್ಲುವಿನ ಹೆಂಡತಿ ಮೂಗಮ್ಮ ಮುದ್ದೆಕೋಲು ಹಿಡಿದೇ ಬೀದಿಗೆ ಬಂದಳು.

"ಯಾವಳೇ ಅಂದೋಳು? ಬಂದು ನುಂಗ್ಬುಟ್ ಓಗು ಬಾ! ನನ್ ಮುದ್ದೆ ಬೆಣ್ಣೆ ಕಣಮ್ಮಿ, ಬೆಣ್ಣೆ! ಗಂಟಿರಾದು ನಿಮ್ ಬುದ್ದೀಲಿ!"

ಬೀದಿ ಬಾಗಿಲು ಹಾಕಿಕೊಂಡಿತು. ಮೂಗಮ್ಮ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿ ಹರಕೆ ಕಟ್ಟಿ ಬಂದಳು. ಗಂಡನ ಗಂಟಲಿಗೆ ಅರ್ಧ, ತನ್ನ ಮುದ್ದೆಯ ಮರ್ಯಾದೆಗೆ ಅರ್ಧ.

ಮೊದಲು ಗಂಟಲಿನ ಡಾಕ್ಟರು. ಮೂಗಿನಿಂದ ಕ್ಯಾಮೆರಾ ಇಳಿಸಿ, ಟೀವಿಯಲ್ಲಿ ಗಂಟಲನ್ನು ತೋರಿಸಿ, "ಏನೂ ಇಲ್ಲ" ಎಂದರು. ಯಾವುದಾದರೂ ರೋಗಿಗೆ ಈ ಮಾತು ಹೇಳಿ ನೋಡಿ, ಅವನ ಮುಖ ಬಾಡಿಹೋಗುತ್ತದೆ. "ಏನೂ ಇಲ್ದಿದ್ದೇ ಇಷ್ಟ್ ಕಾಟ ಕೊಟ್ರೆ, ಏನಾರ ಇದ್ದಿದ್ರೆ ಏನ್ ಗತಿ ಸಾ?" ಎಂದ ಶಿವಮಲ್ಲು. ಡಾಕ್ಟರು ನಕ್ಕು, ಎದೆಯುರಿಗೆ ಒಂದು ಮಾತ್ರೆ ಬರೆದು, ಅದಕ್ಕೂ ಹೋಗದಿದ್ದರೆ ಚಾಮರಾಜನಗರದಲ್ಲಿ ಡಾಕ್ಟರ್ ಭವ್ಯ ಎನ್ನುವವರು ಅಕ್ಯುಪಂಕ್ಚರಿನ ಸೂಜಿ ಚುಚ್ಚುವ ಜಾಗಗಳಿಗೆ ಸೂಜಿಯ ಬದಲು ಕರೆಂಟು ಕೊಟ್ಟು ನೋಡುತ್ತಾರೆ, ಅವರ ಹತ್ತಿರ ಹೋಗಿ ಎಂದರು.

ಮಾತ್ರೆಗೆ ಗಂಟು ಹೋಗಲಿಲ್ಲ. ನಾವು ಚಾಮರಾಜನಗರದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವನು ತನ್ನ ಗಂಟನ್ನು ಎಷ್ಟು ಚೆನ್ನಾಗಿ ವರ್ಣಿಸಿದನೆಂದರೆ, ತೆರಕಣಾಂಬಿ ದಾಟುವ ಹೊತ್ತಿಗೆ ನನ್ನ ಗಂಟಲಲ್ಲೂ ಒಂದು ಕುಳಿತಿತ್ತು. ನುಂಗಿ ನೋಡಿದೆ. ಇತ್ತು. ಮತ್ತೊಮ್ಮೆ ನುಂಗಿದೆ. ಗಟ್ಟಿಯಾಗಿಯೇ ಇತ್ತು. ಯಾರಿಗೂ ಹೇಳಲಿಲ್ಲ. ವಿಮೆ ಏಜೆಂಟನಿಗೇ ಕಾಯಿಲೆ ಎಂದರೆ ವ್ಯಾಪಾರಕ್ಕೆ ಒಳ್ಳೆಯದಲ್ಲ.

ಭವ್ಯ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಮಾತು ನಿಧಾನ. ಮೇಜಿನ ಮೇಲೆ ಹಳೇ ರೇಡಿಯೋದಂಥ ಒಂದು ಪೆಟ್ಟಿಗೆ, ಅದರಿಂದ ನಾಲ್ಕು ವೈರು, ವೈರಿನ ತುದಿಗೆ ಅಂಟುವ ಬಿಲ್ಲೆಗಳು. ಸೂಜಿ ಇರಲಿಲ್ಲ. ಶಿವಮಲ್ಲುವಿಗೆ ಸೂಜಿಯ ಭಯ ಇರಲೂ ಇಲ್ಲ. ಅವನ ಭಯ ಬೇರೆ. ಒಮ್ಮೆ ಪಂಪ್‌ಸೆಟ್ಟಿನ ಮೋಟಾರು ಅವನನ್ನು ಹಿಡಿದು ಬಾಳೆಗುಂಡಿಗೆ ಎಸೆದಿತ್ತು.

"ಎಷ್ಟ್ ಫೇಸು ಮೇಡಂ?"

"ಫೇಸು ಗೀಸು ಇಲ್ಲ. ಬ್ಯಾಟರಿ."

"ಅಂಗಾರೆ ಕರೆಂಟು ಓದ್ರೂ ಬರ್ತದೆ ಅನ್ನಿ."

"ಬರ್ತದೆ."

"ಅದೇ ಮೇಡಂ ನನ್ನ ಭಯ."

ಬಿಲ್ಲೆಗಳನ್ನು ಮಣಿಕಟ್ಟಿನ ಒಳಗಡೆ ಮತ್ತು ಮೊಣಕಾಲ ಕೆಳಗೆ ಅಂಟಿಸಿದರು. ಗಂಟಲ ಹತ್ತಿರ ಒಂದೂ ಇಲ್ಲ. ಶಿವಮಲ್ಲು ನನ್ನ ಕಿವಿಯಲ್ಲಿ, "ಸಾ, ಈಯಮ್ಮ ಜಾಗ ತಪ್ಪವ್ರೆ, ಯೋಳಿ," ಎಂದ. ಡಾಕ್ಟರು ಗುಂಡಿ ತಿರುಗಿಸಿದರು. ಅವನ ಬೆರಳುಗಳು ತಬಲಾ ನುಡಿಸತೊಡಗಿದವು. ಮೊದಲು "ಅಯ್ಯಪ್ಪಾ" ಎಂದ. ಆಮೇಲೆ "ಇರುವೆ ಬುಟ್ಟಂಗದೆ" ಎಂದ. ಆಮೇಲೆ ಗೊರಕೆ ಹೊಡೆದ.

ಎದ್ದ ಮೇಲೆ ಡಾಕ್ಟರು ಹೇಳಿದರು: "ನೋಡಿ, ಇದರಿಂದ ಕೆಲವರಿಗೆ ಹಗುರಾಗ್ತದೆ, ಕೆಲವರಿಗೆ ಇಲ್ಲ. ನಾನು ಗ್ಯಾರಂಟಿ ಕೊಡಲ್ಲ. ಆದರೆ ಒಂದು ಮಾತು. ಇದೆಯಾ ಇಲ್ವಾ ಅಂತ ನುಂಗಿ ನುಂಗಿ ನೋಡಬೇಡಿ. ನೋಡಿದಷ್ಟೂ ಅದು ಇರುತ್ತೆ. ನುಂಗಬೇಕು ಅನ್ನಿಸಿದಾಗ ಇಲ್ಲಿ, ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಒತ್ತಿಕೊಳ್ಳಿ." ಮೂರು ಬೆರಳಿಟ್ಟು ತೋರಿಸಿದರು.

ನನ್ನ ತಲೆಯಲ್ಲಿ ಆಗಲೇ ಒಂದು ಗಂಟೆ ಹೊಡೆಯಬೇಕಿತ್ತು. ಹೊಡೆಯಲಿಲ್ಲ. ನಾನು ಆ ಹೊತ್ತಿನಲ್ಲಿ ಗುಟ್ಟಾಗಿ ನನ್ನ ಮಣಿಕಟ್ಟನ್ನು ಒತ್ತಿಕೊಳ್ಳುತ್ತಿದ್ದೆ. ಡಾಕ್ಟರು ನೋಡಿ, "ನಿಮಗೂ ಬಿಲ್ಲೆ ಹಾಕಲಾ?" ಎಂದರು. "ಛೆ ಛೆ, ನಾನು ಜೊತೆಗೆ ಬಂದವನು," ಎಂದು ಉಗುಳು ನುಂಗಿದೆ.

ವಾರಕ್ಕೆರಡು ಸಲ ಹೋದೆವು. ಹೋದಷ್ಟೂ ಶಿವಮಲ್ಲು ಹಗುರಾದ. ಗಂಟು ನೆಲ್ಲಿಕಾಯಿಯಿಂದ ಕಡಲೆಕಾಳಿಗೆ ಇಳಿಯಿತು ಎಂದ. ನನ್ನದು ನಿಂಬೆಹಣ್ಣಾಗಿತ್ತು.

ಓಣಂ ಸಂತೆ ಬಂತು. ಮಂಡಿಯ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ. ಚೆಂಡುಹೂವಿನ ಮೂಟೆ ಒಂದು ಕಡೆ, ಬೂದುಗುಂಬಳದ ಗುಡ್ಡ ಒಂದು ಕಡೆ. ಗೋಡೆಗೆ ಬೆಲ್ಲು ಹೊಡೆದಾಗಿತ್ತು, ಅದರ ಕೆಳಗೆ ಅಳಿಯ ಇಸ್ತ್ರಿ ಅಂಗಿ ತೊಟ್ಟು ನಿಂತಿದ್ದ. ಶಿವಮಲ್ಲು ಒಂದು ಸಲ ತಪ್ಪಿ ನುಂಗಿದರೆ ಅವನು ಗುಂಡಿಗೆ ಬೆರಳಿಡುವುದೆಂದು ಮಾತಾಗಿತ್ತು.

ಮೊದಲನೆಯದು ದೊರೆಸ್ವಾಮಿ ಎನ್ನುವ ರೈತನ ಬೀನ್ಸು. ಶಿವಮಲ್ಲು ಕ್ರೇಟು ಹತ್ತಿದ. ಅಂಗಳದ ಕತ್ತುಗಳೆಲ್ಲ ಅವನ ಗಂಟಲಿಗೆ ತಿರುಗಿದವು. ಕೂಗು ಶುರುವಾಯಿತು, ಹಳೆಯ ಕೂಗೇ. ನಡುವೆ ಅವನ ಮುಖ ಒಂದು ಥರ ಆಯಿತು. ಗಂಟು ಬಂದಿತ್ತು. ಅವನು ನುಂಗಲಿಲ್ಲ. ಡಾಕ್ಟರು ಹೇಳಿದಂತೆ ಮಣಿಕಟ್ಟಿಗೆ ಮೂರು ಬೆರಳು ಒತ್ತಿದ.

ಯಾರೋ ಗುಟ್ಟಾಗಿ ಮೂರು ರೂಪಾಯಿ ಏರಿಸಿದ್ದಾರೆ ಎಂದುಕೊಂಡ ಕೇರಳದ ಬತ್ತೇರಿಯ ವ್ಯಾಪಾರಿ ಮೊಯ್ದು ಅದರ ಮೇಲೆ ಒಂದು ಏರಿಸಿದ. ಶಿವಮಲ್ಲು ಅದನ್ನೂ ಕೂಗಿ ಮತ್ತೆ ಒತ್ತಿದ. ಮೊಯ್ದು ಮತ್ತೆ ಏರಿದ. ಬೀನ್ಸು ಬಾದಾಮಿಯ ಬೆಲೆಗೆ ಹೊರಟಿತು. ದೊರೆಸ್ವಾಮಿ ಕೈಮುಗಿದು ಕಣ್ಣುಮುಚ್ಚಿ ನಿಂತಿದ್ದ. ಶಿವಮಲ್ಲುವಿಗೆ ಯಾವುದೂ ಗೊತ್ತಿಲ್ಲ, ಅವನ ಜೀವವೆಲ್ಲ ಗಂಟಲಲ್ಲಿತ್ತು. ಕೊನೆಗೆ ನೆಮ್ಮದಿಯಿಂದ, ನಿಯಮದ ಪ್ರಕಾರ, ಒಂದು ಸಲ ನುಂಗಿ ಮುಗಿಸಿದ.

ಮೊಯ್ದು ಹಿಂದೆ ತಿರುಗಿದ. "ಆರಾ? ನನ್ನ ಮೇಲೆ ಮೂರು ಮೂರು ಇಟ್ಟದ್ದು ಯಾರು?"

ಯಾರೂ ಇಲ್ಲ.

"ಎಂತಾ ಶಿವಮಲ್ಲೂ ಇದು? ಇಲ್ಲದ ಆಳನ್ನು ನೀನೇ ಇಟ್ಟಿಯಾ?"

ಶಿವಮಲ್ಲು ತನ್ನ ಮಣಿಕಟ್ಟನ್ನು ನೋಡಿಕೊಂಡ. ಮೂರು ಬೆರಳು ಇನ್ನೂ ಅಲ್ಲೇ ಇದ್ದವು. ಅವನ ಮುಖದ ಬಣ್ಣ ಇಳಿದದ್ದು ನನಗೆ ಕಂಡಿತು. ಮೊದಲು ರೈತರ ಪಾಲಿಗೆ ಕಳ್ಳನಾಗಿದ್ದ, ಈಗ ವ್ಯಾಪಾರಿಗಳ ಪಾಲಿಗೂ ಆದ.

ಮರಿಮಲ್ಲಪ್ಪನವರು ಕೂಗಿದರು: "ಒತ್ಲಾ ಬೆಲ್ಲುನ್ನ!" ಅಳಿಯ ಒತ್ತಿದ. ಸದ್ದಿಲ್ಲ. ಮತ್ತೆ ಒತ್ತಿದ. ಕರೆಂಟು ಹೋಗಿತ್ತು. ಆ ಹೊತ್ತಿಗೆ ಇಡೀ ಮಂಡಿಯಲ್ಲಿ ಕರೆಂಟು ಹೊಕ್ಕಿದ್ದ ಏಕೈಕ ವಸ್ತು ಶಿವಮಲ್ಲು.

ಅವನು ಕ್ರೇಟಿನಿಂದ ಇಳಿಯಲಿಲ್ಲ. ಅಲ್ಲೇ ನಿಂತು ಎಲ್ಲವನ್ನೂ ಕೂಗಿದ, ಅದೇ ಹರಾಜಿನ ಗಂಟಲಲ್ಲಿ. ಗಂಟು ಬಂದದ್ದು, ಕ್ಯಾಮೆರಾ ಇಳಿದದ್ದು, ಬ್ಯಾಟರಿ, ಬಿಲ್ಲೆ, ಮೂರು ಬೆರಳು. "ಕೇಳಿ, ಈ ಸಾಹೇಬ್ರೂ ಜೊತೇಲಿದ್ರು!" ಎಂದು ನನ್ನತ್ತ ಕೈ ತೋರಿಸಿದ. ವಿಮೆ ಏಜೆಂಟನ ಸಾಕ್ಷಿಯಿಂದ ಅವನ ಮಾತಿನ ಮೇಲಿದ್ದ ನಂಬಿಕೆ ಇನ್ನಷ್ಟು ಇಳಿಯಿತು. ಕೊನೆಗೆ ಶಿವಮಲ್ಲು ಹೇಳಿದ: "ಈ ಬೀನ್ಸು ಮಾರಿಲ್ಲ. ಮೊದ್ಲಿಂದ ಕೂಗ್ತೀನಿ. ಆಮೇಕೆ ನನ್ನ ಇಳಿಸಾದಾದ್ರೆ ಇಳುಸ್ಬುಡಿ."

ದೊರೆಸ್ವಾಮಿ, "ಅಯ್ಯೋ, ಚೆನ್ನಾಗೇ ಕೂಗಿದ್ಯಲ್ಲೋ ಮಾರಾಯ!" ಎಂದು ಬಾಯಿ ಬಡಿದುಕೊಂಡ.

ಮೊಯ್ದು ಅಳಿಯನನ್ನು ನೋಡಿದ, ಬೆಲ್ಲನ್ನು ನೋಡಿದ. ಬೆಲ್ಲು ಬಂದರೆ ಗುಂಡಿ ಯಾರ ಬೆರಳಲ್ಲಿ ಇರುತ್ತದೆಂದು ಲೆಕ್ಕ ಹಾಕಿದ ಎಂದು ಕಾಣುತ್ತದೆ. "ಗಂಟಲು ಬೇಡ," ಎಂದ. "ಇನ್ನು ಮೇಲೆ ಶಿವಮಲ್ಲು ಮಣಿಕಟ್ಟು ಒತ್ತಿದರೆ ಹರಾಜು ತೀರ್ನ್ನು, ಮುಗಿಯಿತು. ನಾವು ಬೆರಳು ಇಡುವುದು ಇಲ್ಲ, ಬಾಯಲ್ಲಿ ಹೇಳುತ್ತೇವೆ. ಅವ ಎಷ್ಟು ಬೇಕಾದರೂ ನುಂಗಲಿ." ಹಿಂದಿನ ಸಾಲಿನವರೂ ಹೂಂ ಎಂದರು. ಅವರಿಗೆ ಗಂಟಲಮಣಿ ಎಂದೂ ಸರಿಯಾಗಿ ಕಂಡಿರಲಿಲ್ಲವಂತೆ. ಬೆಳೆದವರಿಗೂ ಒಪ್ಪಿಗೆ. ಎರಡೂ ಕಡೆಯವರು ಒಪ್ಪಿದ ಮೇಲೆ ಮರಿಮಲ್ಲಪ್ಪನವರಿಗೆ ಉಳಿದದ್ದು ಬೆಲ್ಲು ಮಾತ್ರ.

ಬೀನ್ಸು ಮತ್ತೆ ಕೂಗಿಸಿಕೊಂಡಿತು. ಬಾದಾಮಿ ಬೆಲೆ ಬರಲಿಲ್ಲ, ಬೀನ್ಸಿನ ಒಳ್ಳೆಯ ಬೆಲೆ ಬಂತು. ಶಿವಮಲ್ಲು ಸಂಜೆಯವರೆಗೆ ಕೂಗಿದ. ಅವನ ಗಂಟಲನ್ನು ಅವತ್ತು ಒಬ್ಬರೂ ನೋಡಲಿಲ್ಲ. ಎಲ್ಲರ ಕಣ್ಣೂ ಕೈಯ ಮೇಲೆ.

ಆಮೇಲೆ ಒಂದು ದಿನ ಕೇಳಿದೆ, "ಗಂಟು ಹೇಗಿದೆಯಪ್ಪ?"

"ಅಯ್, ಯಾವಾಗ ಓಯ್ತೋ ಗೊತ್ತಿಲ್ಲ ಸಾ. ನೋಡಕ್ಕೆ ಪುರುಸೊತ್ತಾಗಿಲ್ಲ," ಎಂದ. ಭವ್ಯ ಡಾಕ್ಟರು ಬಿಲ್ಲೆಯಿಂದ ಇರಬಹುದು, ಇಲ್ಲದೆಯೂ ಇರಬಹುದು ಎಂದರು. ಮೂಗಮ್ಮ ಅಂಥ ಅನುಮಾನಗಳಿಗೆ ಅವಕಾಶ ಕೊಡುವವಳಲ್ಲ. ಗೋಪಾಲಸ್ವಾಮಿಯ ದಯೆ ಎಂದು ಹರಕೆ ತೀರಿಸಿ ಬಂದು, ಕೇರಿಯವರನ್ನೆಲ್ಲ ಕರೆದು ಮುದ್ದೆ ಉಣಬಡಿಸಿದಳು. ಮೊದಲ ಎಲೆ ನನಗೆ. ಕೇರಿ ಸುತ್ತ ನಿಂತಿತ್ತು. ಮೂಗಮ್ಮ ಎದುರಿಗೇ ಕುಕ್ಕರುಗಾಲಲ್ಲಿ ಕೂತು ನನ್ನ ಗಂಟಲಮಣಿಯನ್ನು ದಿಟ್ಟಿಸಿದಳು. ಪಕ್ಕದಲ್ಲಿ ಮುದ್ದೆಕೋಲು.

"ನುಂಗಿ ಸಾ. ನುಂಗ್ಬುಟ್ಟು ಎಲ್ರುಗೂ ಯೋಳಿ, ಗಂಟದ್ಯಾ?"

ನುಂಗಿದೆ. ಮುದ್ದೆ ಬೆಣ್ಣೆಯಂತೆ ಇಳಿಯಿತು. ಅದರ ಹಿಂದೆಯೇ ನನ್ನ ನಿಂಬೆಹಣ್ಣು ಬಂದು ತನ್ನ ಜಾಗದಲ್ಲಿ ಕುಳಿತುಕೊಂಡಿತು.

"ಇಲ್ಲಮ್ಮ," ಎಂದೆ, ಎಲೆಯ ಕೆಳಗೆ ಮಣಿಕಟ್ಟು ಒತ್ತಿಕೊಳ್ಳುತ್ತ. "ಏನೂ ಇಲ್ಲ."