ಏಳರ ಮಗ್ಗಿ ನಿಲ್ಲದಂತೆ ನೋಡಿಕೊಂಡದ್ದು

ತೇರಗಾಂವದಿಂದ ಹಳಿಯಾಳಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಕಂಪ್ಯೂಟರ್ ಕಲಿಯುವ ಹುಡುಗಿ ಎಂದು ಊರಿನಲ್ಲಿ ನನಗೆ ದೊಡ್ಡ ಹೆಸರು. ನಿಜ ಹೇಳಬೇಕೆಂದರೆ ನನಗೆ ಅದರ ಹುಚ್ಚೇನೂ ಇರಲಿಲ್ಲ. ಮುಂಡಗೋಡದ ಕಡೆಯಿಂದ ಒಂದು ಸಂಬಂಧ ಬಂದಿತ್ತು. "ಕೋರ್ಸ್ ಮುಗೀಲಿ, ಸರ್ಟಿಫಿಕೇಟ್ ಕೈಗೆ ಬಂದ ಕೂಡಲೇ ನಿಶ್ಚಯ ಮಾಡೂಣು" ಎಂದು ಅಪ್ಪ ಅವರಿಗೆ ಮಾತು ಕೊಟ್ಟಿದ್ದ. ನನ್ನನ್ನು ಯಾರೂ ಕೇಳಲಿಲ್ಲ. ನನಗೆ ಬೇಡವೆಂದು ಅವ್ವನಿಗೆ ಎರಡು ಸಲ ಹೇಳಿದೆ. "ಹುಡುಗ ಚೊಲೋ ಅದಾನ, ಸುಮ್ನಿರು" ಎಂದಳು. ನನ್ನ ಪಾಲಿಗೆ ಉಳಿದದ್ದು ಕೋರ್ಸೊಂದೇ.

ಕಿರಾಣಿ ಅಂಗಡಿಯ ಮೇಲಿನ ಕೋಣೆಯಲ್ಲಿ ಮೂರು ಕಂಪ್ಯೂಟರು, ಎಂಟು ಜನ ನಾವು. ಚಪ್ಪಲಿ ಹೊರಗೇ ಬಿಡಬೇಕು. ಸರ್ ಎಲ್ಲವನ್ನೂ ನಮಗೆ ತಿಳಿದ ವಸ್ತುವಿಗೇ ಗಂಟು ಹಾಕಿ ಹೇಳುತ್ತಿದ್ದರು. ನಾವು ಸಾಲಾಗಿ ಬರೆದುಕೊಟ್ಟ ಆಜ್ಞೆಗಳೇ ಪ್ರೋಗ್ರಾಮು, ಅದರಲ್ಲಿ ತಪ್ಪಿದ್ದರೆ ಬಗ್. ಮೆಮರಿ ಎಂದರೆ ಬಳಪದಲ್ಲಿ ಬರೆಯುವ ಪಾಟಿ, ಕರೆಂಟು ಹೋದರೆ ಅಳಿಸಿಹೋಯಿತು. ಉಳಿಯಬೇಕಾದರೆ ಫ್ಲಾಪಿಯಲ್ಲಿ ಸೇವ್ ಮಾಡಬೇಕು.

"ಲೂಪ್ ಅಂದ್ರ ಹೇಳಿದ್ದನ್ನ ಮತ್ತ ಮತ್ತ ಮಾಡೂದು, ಕಣದಾಗ ತೆನಿ ತುಳಸಾಕ ಹಂತಿ ಹೊಡದಂಗ. ಎತ್ತು ನಡಕಿನ ಮೇಟಿ ಕಂಬದ ಸುತ್ತ ತಿರುಗ್ತಾವ. ಸಾಕು ಅನ್ನೂದು ಎತ್ತಿಗೆ ಗೊತ್ತಾಗೂದಿಲ್ಲ, ನಾವ ಹೇಳಬೇಕು. ಮರತ್ರ ತಿರುಗತಾನ ಇರತಾವ" ಎಂದರು ಸರ್ ಒಂದು ದಿನ.

ಆ ದಿನ ಮನೆ ಮುಟ್ಟುವವರೆಗೆ ನಾನು ಅದನ್ನೇ ಯೋಚಿಸಿದೆ.

ಕೊನೆಯ ಪರೀಕ್ಷೆಗೆ ಏಳರ ಮಗ್ಗಿಯನ್ನು ಪರದೆಯ ಮೇಲೆ ತೋರಿಸುವ ಪ್ರೋಗ್ರಾಮು ಬರೆಯಬೇಕಿತ್ತು. ನಾಲ್ಕೇ ಸಾಲು. ಮೂರನೆಯ ಸಾಲು ಪ್ರತಿ ಸುತ್ತಿಗೂ ಎಣಿಕೆಯನ್ನು ಒಂದು ಹೆಚ್ಚಿಸುತ್ತದೆ. ಎಣಿಕೆ ಹತ್ತು ದಾಟಿದರೆ ಲೂಪ್ ನಿಲ್ಲುತ್ತದೆ. ನಾನು ಆ ಮೂರನೆಯ ಸಾಲನ್ನು ಬೇಕೆಂದೇ ಬಿಟ್ಟೆ. ಪರದೆಯ ತುಂಬ ಏಳು, ಏಳು, ಏಳು. "ಬಗ್ ಐತಿ, ನೀನ ಹುಡುಕು, ಹಂಗ ಕಲಿಯೂದು" ಎಂದರು ಸರ್. ಒಂದೂವರೆ ತಿಂಗಳು ಹುಡುಕುವ ನಾಟಕ ಆಡಿದೆ. ಉಳಿದ ಏಳೂ ಜನ ಸರ್ಟಿಫಿಕೇಟು ಹಿಡಿದು ಹೋದರು. ದಡ್ಡಿ ಅನ್ನಿಸಿಕೊಳ್ಳುವುದರಲ್ಲಿ ಇಷ್ಟು ಸುಖವಿದೆ ಎಂದು ಗೊತ್ತಿರಲಿಲ್ಲ. ಆದರೂ ದಿನಾ ಮೆಟ್ಟಿಲು ಹತ್ತುವಾಗ, ಇವತ್ತು ಸಿಕ್ಕಿಬೀಳುತ್ತೇನೆ ಎಂದು ಅನ್ನಿಸುತ್ತಿತ್ತು.

ಒಂದು ದಿನ ಅಪ್ಪನೇ ಬಂದ. ಸರ್ ಕುರ್ಚಿ ಕೊಟ್ಟರು.

"ಶಾಣ್ಯಾಕಿ ಅದಾಳ್ರಿ. ಒಂದ ಸಾಲು ಮರತಾಳ, ಅಷ್ಟ. ಪಾಪ, ಭಾಳ ದಿನಾ ಆತು, ನಾನ ಹಾಕಿಬಿಡ್ತೇನಿ."

ಅವರು ಒಳ್ಳೆಯ ಮನಸ್ಸಿನಿಂದಲೇ ಸಾಲನ್ನು ಟೈಪು ಮಾಡಿದರು. ಏಳು, ಹದಿನಾಲ್ಕು, ಇಪ್ಪತ್ತೊಂದು ಎಂದು ಹೋಗಿ ಎಪ್ಪತ್ತಕ್ಕೆ ನಿಂತಿತು.

"ಆ ಸಾಲು ಇಲ್ಲಂದ್ರ ಏನಾಗ್ತಿತ್ರಿ?" ಅಪ್ಪ ಕೇಳಿದ.

"ಮುಗೀತಾನ ಇರ್ಲಿಲ್ರಿ."

ಅಪ್ಪ ನನ್ನ ಮುಖ ನೋಡಿದ. ಹೊಲಕ್ಕೆ ಹೋಗುವ ದಾರಿಯುದ್ದಕ್ಕೂ ನನಗೆ ಮಗ್ಗಿ ಬಾಯಿಪಾಠ ಮಾಡಿಸಿದವನು ಅವನೇ. "ಆಕಿ ಮರಿಯೂವಾಕಿ ಅಲ್ರಿ" ಎಂದು ಮೆಲ್ಲಗೆ ಹೇಳಿದ. ಅವನಿಗೆ ಎಲ್ಲ ತಿಳಿದುಹೋಗಿತ್ತು. ತಿಳಿದ ಮೇಲೆ ಆ ಸಂಬಂಧ ಬಿಟ್ಟುಬಿಡುತ್ತಾನೆ, ಅಪ್ಪನಲ್ಲವೇ, ಎಂದು ನಂಬಿದೆ.

ಸರ್ ಸರ್ಟಿಫಿಕೇಟು ಬರೆದು ನನ್ನ ಕಡೆ ಚಾಚಿದರು. ಅಪ್ಪ ಅದನ್ನು ತಾನೇ ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡ. ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟನ್ನು ನನಗೇ ಬಿಟ್ಟುಕೊಟ್ಟ. ಇಳಿಯುವಾಗ, ನನ್ನ ಕಡೆ ನೋಡದೆ ಹೇಳಿದ:

"ಸೋಮವಾರ ಮುಂಡಗೋಡದವ್ರು ನಿಶ್ಚಯಕ್ಕ ಬರ್ತಾರವ್ವಾ. ಹಸರ ಸೀರಿ ಉಟ್ಕೋ."