ಎಡ ಮುಂಗೈಗೆ ಟೆಸ್ಟ್ ಡೋಸ್

ಸಿಂಧನೂರಿನ ಆ ನರ್ಸಿಂಗ್ ಹೋಮಿಗೆ ನಾನು ಸೇರಿದ್ದು ಎಂಬತ್ತರ ದಶಕ ಮುಗಿಯುತ್ತಿದ್ದಾಗ. ಹತ್ತನೇ ತರಗತಿ ಪಾಸಾಗಿದ್ದೆ, ಅಕ್ಷರ ದುಂಡಗಿತ್ತು, ಡಾಕ್ಟರು "ರಕ್ತ ಕಂಡ್ರ ಹೆದರ್ತೀಯೇನು?" ಎಂದಾಗ ಇಲ್ಲ ಎಂದಿದ್ದೆ. ಸುಳ್ಳು. ರಕ್ತಕ್ಕಷ್ಟೇ ಅಲ್ಲ, ಬಸ್ಸಿಗೂ ನಾಯಿಗೂ ಅಂಚೆಯವನಿಗೂ ಹೆದರುವವಳು ನಾನು. ಈ ವಯಸ್ಸಿನಲ್ಲೂ ಬೀಗ ಹಾಕಿ ಮೂರು ಸಲ ಜಗ್ಗಿ ನೋಡದೆ ಮನೆ ಬಿಡುವುದಿಲ್ಲ. ಆದರೆ ಅಷ್ಟರಲ್ಲಿ ಅಪ್ಪ ನಮ್ಮೂರು ಮಸ್ಕಿಯ ತುಂಬ "ಮಗಳು ನರ್ಸ್ ಆಗ್ಯಾಳ" ಎಂದು ಸಾರಿಬಿಟ್ಟಿದ್ದ.

ತರಬೇತಿಯೆಂದರೆ ಒಂದು ಬಿಳಿ ಸೀರೆ. ಅದನ್ನುಟ್ಟು ಹಿರಿಯ ಸಿಸ್ಟರ್ ಹಿಂದೆ ಟ್ರೇ ಹಿಡಿದು ನಡೆಯುವುದು. ಮೊದಲ ವಾರ ಧೈರ್ಯ ಮಾಡಿ ಒಂದು ಪ್ರಶ್ನೆ ಕೇಳಿದೆ.

"ಸಿಸ್ಟರ್, ಸೂಜಿ ಎಷ್ಟು ಒಳಗ ಹೋಗಬೇಕ್ರೀ?"

"ಆ ಕಡೆಯಿಂದ ಹೊರಗ ಬರಬಾರದು, ಅಷ್ಟ."

ಸ್ಟೌವಿನ ಮೇಲೆ ಸಿರಿಂಜು ಕುದಿಸುತ್ತಿದ್ದ ಕಾಂಪೌಂಡರ್ ಕಿಸಕ್ಕನೆ ನಕ್ಕ.

"ಹಂಗಲ್ರೀ, ನನಗ ಯಾರೂ ಕಲಿಸಿಲ್ಲ..."

"ನನಗ್ಯಾರು ಕಲಿಸ್ಯಾರ ಬೇ? ಬೈಸ್ಕೊಂಡು ಕಲ್ತೀನಿ. ನೀನೂ ಬೈಸ್ಕೋ."

ಬೈಸಿಕೊಳ್ಳುವುದನ್ನು ಮಾತ್ರ ಅವರು ಶ್ರದ್ಧೆಯಿಂದ ಕಲಿಸಿದರು. ಚುಚ್ಚುವುದನ್ನು ನಾನು ಬದನೆಕಾಯಿಯ ಮೇಲೆ ಕಲಿತೆ. ಬದನೆಕಾಯಿ ಎಷ್ಟು ಚುಚ್ಚಿದರೂ ತಕರಾರು ಮಾಡಲಿಲ್ಲ. ಆ ಕೆಲಸದಲ್ಲಿ ನನಗೆ ಸಿಕ್ಕ ಒಳ್ಳೆಯ ಪೇಷಂಟ್ ಅದೊಂದೇ.

ಪೆನಿಸಿಲಿನ್ ಕೊಡುವ ಮೊದಲು ಟೆಸ್ಟ್ ಡೋಸ್ ಹಾಕುವ ಪದ್ಧತಿಯಿತ್ತು. ಎಡ ಮುಂಗೈಯ ಚರ್ಮದಲ್ಲಿ ಒಂದು ಹನಿ ಹಾಕಿ, ಸುತ್ತ ಬಾಲ್ ಪೆನ್ನಿನಿಂದ ದುಂಡಗೆ ಗೆರೆ ಎಳೆದು ಅರ್ಧ ಗಂಟೆ ಕಾಯುವುದು. ಅಲ್ಲಿ ಕೆಂಪಗೆ ಉಬ್ಬಿದರೆ ಆ ಔಷಧಿ ಅವರಿಗೆ ಆಗಿಬರುವುದಿಲ್ಲ ಎಂದರ್ಥ. ಕಾಂಪೌಂಡರ್ ಇದನ್ನು ಚಹಾ ಹೀರುತ್ತ ಹೇಳಿಕೊಟ್ಟ. "ಕೆಂಪಾದ್ರ ಬಿಡು, ಇಲ್ಲಂದ್ರ ಹೊಡಿ." ಪಾಠ ಮುಗಿಯಿತು, ಚಹಾ ಇನ್ನೂ ಉಳಿದಿತ್ತು.

ಮೂರನೇ ವಾರ ಜವಳಗೇರಾದಿಂದ ಒಬ್ಬ ಹೆಣ್ಣುಮಗಳು ಬಂದಳು. ಭತ್ತದ ಸಸಿ ಹಚ್ಚುವಾಗ ಕೆಸರಿನಲ್ಲಿ ಏನೋ ಚುಚ್ಚಿ ಪಾದ ಬಾತಿತ್ತು. ಡಾಕ್ಟರು ಚೀಟಿಯಲ್ಲಿ ಪೆನಿಸಿಲಿನ್ ಬರೆದು, ಲಿಂಗಸುಗೂರಿನ ತಮ್ಮ ಇನ್ನೊಂದು ದವಾಖಾನೆಗೆ ಹೊರಟುಹೋದರು.

ಆಕೆ ಸೆರಗು ಸರಿಸಿ ಕೈ ಚಾಚಿದಳು. ಮಣಿಕಟ್ಟಿನಿಂದ ಮೊಣಕೈವರೆಗೆ ಒಂದು ಬೆರಳಿಡುವಷ್ಟೂ ಖಾಲಿ ಇಲ್ಲದಂತೆ ಹಸಿರು ಹಚ್ಚೆ: ಚೇಳು, ತೊಟ್ಟಿಲು, ಚುಕ್ಕಿಗಳ ಸಾಲು. ಬುದ್ಧಿಯಿದ್ದವರು ತೋಳಿನ ಮೇಲ್ಭಾಗಕ್ಕೆ ಹಾಕುತ್ತಿದ್ದರು. ನನಗೆ ಎಡ ಮುಂಗೈ ಎಂದು ಹೇಳಿದ್ದರು, ಎಡ ಮುಂಗೈಗೇ ಹಾಕಿದೆ. ತೊಟ್ಟಿಲಿನ ನಡುವೆ ಚುಚ್ಚಿ ನೀಲಿ ಗೆರೆ ಎಳೆದರೆ, ಆ ಗೆರೆ ಹಸಿರಿನಲ್ಲಿ ಎಲ್ಲೋ ಕಳೆದುಹೋಯಿತು.

ಅರ್ಧ ಗಂಟೆ ಬಿಟ್ಟು ನೋಡಿದೆ. ಬೆಳಕಿಗೆ ಹಿಡಿದು ನೋಡಿದೆ. ಕಂಡದ್ದು ಹಸಿರು ಮಾತ್ರ.

"ಇಲ್ಲಿ ಕೆರ್ಯಾಕತ್ತೈತಿ ನೋಡು ಯವ್ವಾ," ಎಂದಳು ಆಕೆ.

ಹಿರಿಯ ಸಿಸ್ಟರ್ ಒಳಗೆ ಊಟಕ್ಕೆ ಕೂತಿದ್ದರು. ಬಾಗಿಲಲ್ಲಿ ನಿಂತೆ.

"ಒಂದೀಟು ಬಂದು ನೋಡ್ರಿ ಸಿಸ್ಟರ್. ಕೈತುಂಬ ಹಚ್ಚಿ ಐತಿ, ಕೆಂಪಾಗೈತೋ ಇಲ್ಲೋ ತಿಳಿವಲ್ದು."

"ನಿನಗ ಕೆಂಪು ಕಾಣ್ತೈತೇನು?"

"ಇಲ್ರೀ."

"ಮತ್ಯಾಕ ನನ್ನ ಊಟ ಕೆಡಸ್ತಿ? ಹೋಗಿ ಹೊಡಿ."

"ಕೆರೀತೈತಿ ಅಂತಾಳ್ರೀ..."

"ಕೆಸರಾಗ ನಿಲ್ಲೋರಿಗೆ ಮೈಯೆಲ್ಲಾ ಕೆರೀತೈತಿ. ಹೋಗ್ತೀಯೋ, ಡಾಕ್ಟರಿಗೆ ಹೇಳ್ಲೋ?"

ಹೋದೆ. ಹೊಡೆದೆ. ಆಕೆಗೆ ಏನಾಗುತ್ತದೋ ಎಂಬುದಕ್ಕಿಂತ ಸಿಸ್ಟರ್ ಏನನ್ನುತ್ತಾರೋ ಎಂಬ ಹೆದರಿಕೆ ನನಗೆ ಹೆಚ್ಚಾಗಿತ್ತು. ಇದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು.

ಸೂಜಿ ತೆಗೆದು ಸ್ವಲ್ಪ ಹೊತ್ತಿಗೆ ಆಕೆಯ ತುಟಿ ದಪ್ಪಗಾಯಿತು. ಉಸಿರು ಸಿಳ್ಳೆ ಹಾಕಿತು. ಮಂಚದ ಮೇಲೆ ವಾಲಿದಳು. ನಾನು ಮಾಡಿದ ಏಕೈಕ ಚಿಕಿತ್ಸೆಯೆಂದರೆ ಕಿರುಚಿದ್ದು. ಹಿರಿಯ ಸಿಸ್ಟರ್ ಎಂಜಲುಗೈಯಲ್ಲೇ ಓಡಿಬಂದು, "ಸರಿಯತ್ಲಾಗ!" ಎಂದು ನನ್ನನ್ನು ಗೋಡೆಗೆ ದಬ್ಬಿ, ಕೈಮೇಲೆ ಸ್ಪಿರಿಟ್ ಸುರಿದುಕೊಂಡು, ಅಡ್ರಿನಲಿನ್ ಎಳೆದು ಚುಚ್ಚಿ, ಕಾಲು ಎತ್ತಿಸಿ, ಸಲೈನ್ ಹಚ್ಚಿದರು. ಅಷ್ಟೆಲ್ಲ ಗೊತ್ತಿತ್ತು ಅವರಿಗೆ. ಅದಕ್ಕೇ ನನಗೆ ಅವರ ಮೇಲೆ ಇವತ್ತಿಗೂ ಉರಿಯುತ್ತದೆ.

ಆಕೆ ಉಳಿದಳು. ಸಂಜೆ ಬಂದ ಡಾಕ್ಟರು ನನ್ನ ಮುಖ ನೋಡದೆ, "ಉಷ್ಣಕ್ಕ ಚಕ್ಕರ್ ಬಂದೈತಿ ಅಂತ ಹೇಳ್ರಿ," ಎಂದರು. ಕಾಗದದ ಮೇಲೂ ಹಾಗೇ ಬರೆಯಬೇಕಾಯಿತು. ದುಂಡಗೆ ಬರೆದೆ. "ಅಕ್ಷರ ಚಂದ ಅದಾವ ಬಿಡು," ಎಂದರು. ನನಗೆ ಅಲ್ಲಿ ಸಿಕ್ಕ ಹೊಗಳಿಕೆ ಅಷ್ಟೇ.

ರಾತ್ರಿ ನನ್ನ ಚಿಂತೆಗೆ ಒಳ್ಳೆಯ ಮೇವು ಸಿಕ್ಕಿತು. ಆಕೆಗೆ ನಾಳೆ ಕೆಮ್ಮು ಬರುತ್ತದೆ, ಜ್ವರ ಬರುತ್ತದೆ. ಸೈಕಲ್ಲಿನ ಮೇಲೆ ಊರೂರು ತಿರುಗಿ ಸೂಜಿ ಹಾಕುವವನೊಬ್ಬ ಅದೇ ಪೆನಿಸಿಲಿನ್ ಚುಚ್ಚುತ್ತಾನೆ. ಅಲ್ಲಿ ಅಡ್ರಿನಲಿನ್ ಇರುವುದಿಲ್ಲ. ಬ್ಯಾಡ ಅನ್ನಲು ಆಕೆಗೆ ಔಷಧಿಯ ಹೆಸರೂ ಗೊತ್ತಿರುವುದಿಲ್ಲ.

ಬೆಳಿಗ್ಗೆ ಸಿಸ್ಟರಿಗೆ ಹೇಳಿದೆ. "ಆಕಿಗೆ ತಿಳಿಸಬೇಕಲ್ರೀ."

"ತಿಳಿಸು. ತಿಳಿಸಿ ಹಂಗ ಮಸ್ಕಿ ಬಸ್ ಹತ್ತು."

ಕರೆದೊಯ್ಯಲು ಬಂದ ಗಂಡನ ಜೊತೆ ಆಕೆ ಹೊರಟುಹೋದ ಮೇಲೆ ನಾನು ಬಸ್ ಸ್ಟ್ಯಾಂಡಿಗೆ ಓಡಿದೆ. ಗಂಡ ಬಸ್ಸು ವಿಚಾರಿಸಲು ಹೋಗಿದ್ದ. ಆಕೆ ಗಂಟಿನ ಮೇಲೆ ಕೂತಿದ್ದಳು.

"ಅಕ್ಕಾ, ನಿನಗ ಪೆನಿಸಿಲಿನ್ ಆಗಿಬರಂಗಿಲ್ಲ. ಯಾರರ ಹಾಕಾಕ ಬಂದ್ರ ಬ್ಯಾಡ ಅನ್ನು."

"ಡಾಕ್ಟರು ಉಷ್ಣ ಅಂದ್ರಲ್ಲ?"

"ಉಷ್ಣ ಅಲ್ಲ."

ಆಕೆ ನನ್ನನ್ನೇ ನೋಡಿದಳು. "ನೀ ಹಾಕಿದ ಸೂಜಿ?"

"ಹೌದು."

ಬಾತ ಕಾಲನ್ನು ಊರಿಯೇ ಎದ್ದು ನಿಂತಳು. "ಎಲಾ ಇಕಿನ! ಕೆರೀತೈತಿ ಅಂತ ಬಾಯಿಬಿಟ್ಟು ಹೇಳೀನಿ, ಕಿವ್ಯಾಗ ಏನು ಇಟಗೊಂಡಿದ್ದಿ ಬೇ? ಬರ್ರಿ ಎಲ್ಲಾರೂ, ನೋಡ್ರಿ ಇಕಿನ್ನ!"

ಎಲ್ಲರೂ ಬಂದರು. ಸಿಂಧನೂರು ಬಸ್ ಸ್ಟ್ಯಾಂಡಿನಲ್ಲಿ ಜನರನ್ನು ಎರಡು ಸಲ ಕರೆಯಬೇಕಾಗಿಲ್ಲ.

"ಅಕ್ಕಾ, ಎಷ್ಟರ ಬೈ. ಔಷಧಿ ಹೆಸರು ಒಮ್ಮೆ ಅಂದು ತೋರ್ಸು."

"ನಿನ್ನ ಹೆಸರು ಹಾಳಾಗ! ನನ್ನ ಮಕ್ಕಳಿಗೆ ರೊಟ್ಟಿ ನೀ ಬಡೀತಿದ್ದೇನು?"

ಗಂಡ ಬಂದು ಆಕೆಯನ್ನು ಎಳೆದುಕೊಂಡು ಬಸ್ ಹತ್ತಿಸಿದ. ಬಸ್ಸು ಹೊರಟಿತು. ಆಕೆ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಪಕ್ಕದವರಿಗೂ ನನಗೂ ಒಟ್ಟಿಗೆ ಒದರಿದಳು: "ಪೆನಿಸಿಲಿನ್ ಅಂತ ಪೆನಿಸಿಲಿನ್! ಅದನ್ನ ಚುಚ್ಚಿ ನನ್ನ ಮಣ್ಣು ಮಾಡ್ತಿದ್ಲು ಈ ಮೂಳಿ!"

ಒಂದಕ್ಷರವೂ ತಪ್ಪಿರಲಿಲ್ಲ.

ನಾನು ನಡೆದು ವಾಪಸು ಬರುವಷ್ಟರಲ್ಲಿ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ನನ್ನ ಬುತ್ತಿ ಡಬ್ಬಿಯನ್ನು ಹೊರಗೆ ಕಟ್ಟೆಯ ಮೇಲೆ ಇಟ್ಟಿದ್ದರು.