ಇನ್ನೊಬ್ಬರು ಬೇಕಾಗಿದ್ದಾರೆ

ನೋಡಲು ಬಂದ ಗಂಡುಗಳಿಗೆಲ್ಲ ಉಪ್ಪಿಟ್ಟು ಮಾಡಿಕೊಟ್ಟು, ಅವರು ನನ್ನನ್ನೋ ನಾನು ಅವರನ್ನೋ ಒಪ್ಪದೆ, ಆ ಅಧ್ಯಾಯ ಮುಗಿಯಿತೆಂದು ನೆಮ್ಮದಿಯಾಗಿದ್ದವಳು ನಾನು. ನಲವತ್ತೆರಡನೆಯ ವಯಸ್ಸಿನಲ್ಲಿ ಮತ್ತೆ ಬಾಣಲೆ ಒಲೆಗೇರಿಸಬೇಕಾಯಿತು. ಈ ಸಲ ಬೇಕಾಗಿದ್ದುದು ಗಂಡನಲ್ಲ, ಬಾಡಿಗೆ ಮನೆಗೊಬ್ಬಳು ಜೊತೆಗಾರ್ತಿ. ಎರಡನೆಯದೇ ಹೆಚ್ಚು ಕಷ್ಟದ ಕೆಲಸವೆಂದು ಅನುಭವದಿಂದ ಹೇಳಬಲ್ಲೆ.

ತಿಪಟೂರಿನ ಒಂದು ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವುದು ನನ್ನ ಉದ್ಯೋಗ. ಇರುವುದು ಗಂಗಮ್ಮನವರ ಕಾಂಪೌಂಡಿನಲ್ಲಿ. ಮುಂದಿನ ಮನೆಯಲ್ಲಿ ಅವರು, ಹಿಂದಿನದರಲ್ಲಿ ನಾನು ಮತ್ತು ಶೈಲಜ. ಆರು ವರ್ಷ ಜೊತೆಗಿದ್ದ ಶೈಲಜಳಿಗೆ ಹುಳಿಯಾರಿಗೆ ವರ್ಗವಾಯಿತು. ಅವಳ ಸಾಮಾನಿನ ಗಾಡಿ ಗೇಟು ದಾಟಿದ್ದೇ ತಡ, ಗಂಗಮ್ಮ ಬಂದು ಕರಾರು ನೆನಪಿಸಿದರು. ಮಾಂಸ ಬೇಯಿಸಕೂಡದು, ರಾತ್ರಿ ಎಂಟಕ್ಕೆ ಗೇಟಿಗೆ ಬೀಗ ಬೀಳುತ್ತದೆ. ಇವು ಎಲ್ಲ ಮನೆಯೊಡೆಯರೂ ಹೇಳುವಂಥವು. ಮೂರನೆಯದು ಮಾತ್ರ ಅವರದೇ.

"ಇಬ್ರಿದ್ರೆ ಇರಿ ವಸಂತಮ್ಮ, ಒಬ್ರೇ ಆದ್ರೆ ಮನೆ ಬುಟ್ಬುಡಿ. ಒಂದು ತಿಂಗ್ಳು ನೋಡ್ತೀನಿ."

ಲೋಕದಲ್ಲಿ ಮನೆಯ ಮಾಲೀಕರು ಜನ ಹೆಚ್ಚಾದರೆ ಗೊಣಗುತ್ತಾರೆ. ಕಡಿಮೆಯಾದರೆಂದು ಗೊಣಗಿದ್ದನ್ನು ನಾನು ಇಲ್ಲೇ ಕಂಡದ್ದು. ನನಗೆ ಒಂಟಿತನ ಅಭ್ಯಾಸವಿದೆ ಎಂದು ಎಷ್ಟು ಹೇಳಿದರೂ ಅವರು ಕರಗಲಿಲ್ಲ. ಕಾರಣವನ್ನೂ ಹೇಳಲಿಲ್ಲ.

ನಮ್ಮ ಮನೆಯ ಮೇಲೆ ಹಲಗೆಯ ಅಟ್ಟವಿದೆ. ಅದು ಬಾಡಿಗೆಗೆ ಸೇರಿದ್ದಲ್ಲ, ಗಂಗಮ್ಮನವರ ತೆಂಗಿನಕಾಯಿಗಳಿಗೆ ಸೇರಿದ್ದು. ಸಿಪ್ಪೆಸಮೇತ ಗುಡ್ಡೆ ಹಾಕಿದ ಕಾಯಿ ವರ್ಷದ ಹತ್ತಿರ ಅಲ್ಲೇ ಕೂತು, ಒಳಗಿನ ನೀರು ಇಂಗಿ ಕೊಬ್ಬರಿಯಾಗುತ್ತದೆ. ಹಗುರಾದ ಕಾಯಿ ಜಾರುತ್ತದೆ, ಅದರ ಜಾಗಕ್ಕೆ ಇನ್ನೊಂದು ಉರುಳುತ್ತದೆ. ಶೈಲಜ ಇದ್ದಾಗ ಅವಳ ಮಾತಿನಲ್ಲಿ ಈ ಸದ್ದು ನನಗೆಂದೂ ಕೇಳಿರಲಿಲ್ಲ. ಈಗ ಹಾಡುಹಗಲಿನಲ್ಲೇ ಯಾರೋ ತಲೆಯ ಮೇಲೆ ನಾಲ್ಕು ಹೆಜ್ಜೆ ನಡೆದು ನಿಂತಂತೆ ಕೇಳತೊಡಗಿತು.

ಮನೆ ನೋಡಲು ಮೊದಲು ಬಂದವರು ನೊಣವಿನಕೆರೆಯ ಒಬ್ಬ ಹೊಲಿಗೆ ಟೀಚರು. ಮಧ್ಯಾಹ್ನ ಮೂರು ಗಂಟೆ. ಉಪ್ಪಿಟ್ಟು ಅರ್ಧ ತಿಂದಿದ್ದಾರೆ, ಮೇಲಿನ ಸದ್ದು ಅಡುಗೆಮನೆಯಿಂದ ಹೊರಟು ಅವರ ನೆತ್ತಿಯ ಮೇಲೆ ಬಂದು ನಿಂತಿತು. ತೆಂಗಿನಕಾಯಿ ಎಂದು ನಾನು ನಕ್ಕೆ. ಅವರೂ ನಕ್ಕರು. ಆದರೆ ತಟ್ಟೆಯನ್ನು ಮತ್ತೆ ಕೈಗೆತ್ತಿಕೊಳ್ಳಲಿಲ್ಲ. ಹೊರಡುವಾಗ ಗೇಟಿನಿಂದ ತಿರುಗಿ ಹಿತ್ತಿಲ ಕಡೆ ನೋಡಿ, "ಅವ್ರೂ ಇಲ್ಲೇ ಇರ್ತಾರಾ?" ಎಂದರು. ಯಾರು ಎಂದು ಕೇಳುವಷ್ಟರಲ್ಲಿ ಬಸ್ಸಿಗೆ ಹೊತ್ತಾಯಿತೆಂದು ಹೋಗಿಯೇಬಿಟ್ಟರು. ಊರಿನಿಂದಲೇ ಓಡಾಡುವುದು ಅನುಕೂಲವೆಂದು ಮಾರನೆಯ ದಿನ ಫೋನು ಬಂತು. ಆಮೇಲೆ ಬಂದ ಇಬ್ಬರು ಹೀಗೇನೂ ಕೇಳಲಿಲ್ಲ, ಒಪ್ಪಲೂ ಇಲ್ಲ.

ಮನುಷ್ಯನ ಪ್ರತಿ ಕಣ್ಣಿನಲ್ಲೂ ಏನೂ ಕಾಣದ ಒಂದು ಚುಕ್ಕೆಯಷ್ಟು ಜಾಗವಿದೆ. ಅದು ನಮಗೆ ತಿಳಿಯುವುದೇ ಇಲ್ಲ, ಏಕೆಂದರೆ ಮಿದುಳು ಸುತ್ತಲಿನದನ್ನು ನೋಡಿ ಅಲ್ಲಿ ಇರಬಹುದಾದ್ದನ್ನು ತಾನೇ ತುಂಬಿಕೊಳ್ಳುತ್ತದೆ. ಗಿರಾಕಿಗಳಿಗೆ ಇದನ್ನು ಎಷ್ಟು ಸಲ ವಿವರಿಸಿದ್ದೇನೋ. ಖಾಲಿ ಮನೆಯಲ್ಲಿ ಕೂತು ನನಗೇ ವಿವರಿಸಿಕೊಂಡಾಗ ಅದರಿಂದ ಕಿಂಚಿತ್ತೂ ಧೈರ್ಯ ಬರಲಿಲ್ಲ.

ತಿಂಗಳು ತುಂಬಿದ ಭಾನುವಾರ ಬೆಳಿಗ್ಗೆ ಗಂಗಮ್ಮ ಬಂದರು. ಮನೆ ಬಿಡುವ ಮಾತಿಗೆ ನಾನು ಸಿದ್ಧಳಾಗಿದ್ದೆ. ಅವರ ಮುಖ ಮಾತ್ರ ಅರಳಿತ್ತು.

"ಕೊನೆಗೂ ಸಿಕ್ರಲ್ಲ ಬುಡಿ. ಮೂರು ದಿನದಿಂದ ನೋಡ್ತಿದೀನಿ, ಹಿತ್ಲಲ್ಲಿ ಒಗೆಯೋ ಕಲ್ಲಿನ ಮೇಲೆ ಕೂತ್ಕಂಡು ತಲೆ ಒಣಗಿಸ್ಕೋತಿರ್ತಾರೆ. ಎಲ್ಲಿಯೋರು?"

ನಾಚಿಕೆಯಿಂದಲೇ ಹೇಳುತ್ತೇನೆ, ನನ್ನ ಬಾಯಿಂದ ಬಂದದ್ದು "ಚಿಕ್ಕನಾಯಕನಹಳ್ಳಿ ಕಡೆಯವರು" ಎಂಬ ಉತ್ತರ. ಮನೆ ಉಳಿಯಿತು. ಆದರೆ ಇಲ್ಲದವಳಿಗೆ ಒಂದು ಊರು ಕೊಟ್ಟಮೇಲೆ ಅವಳು ಇನ್ನಷ್ಟು ಇದ್ದಾಳೆನ್ನಿಸತೊಡಗಿತು. ಹಿತ್ತಿಲ ಬಾಗಿಲಿಗೆ ಹಗಲಿನಲ್ಲೂ ಚಿಲಕ ಹಾಕಿದೆ. ಬಟ್ಟೆ ಒಗೆಯದೆ ನಾಲ್ಕು ದಿನ ಕಳೆದೆ. ಐದನೆಯ ದಿನ ಅಂಗಡಿಗೆ ಹೊರಟವಳು ಗಂಗಮ್ಮನ ಜಗಲಿಯ ಮುಂದೆ ನಿಂತು, ನಾನು ಹೇಳಿದ್ದು ಸುಳ್ಳು, ಮನೆಯಲ್ಲಿ ನಾನೊಬ್ಬಳೇ ಎಂದುಬಿಟ್ಟೆ.

ಬೈಯುತ್ತಾರೆಂದುಕೊಂಡಿದ್ದೆ. ಅವರು ಮೆಲ್ಲಗೆ ಮೆಟ್ಟಿಲ ಮೇಲೆ ಕೂತರು. ಬಹಳ ಹಿಂದೆ ಆ ಮನೆಯಲ್ಲಿ ಒಬ್ಬರು ಸ್ಕೂಲು ಟೀಚರಮ್ಮ ಒಂಟಿಯಾಗಿ ಇದ್ದರಂತೆ. ಬಚ್ಚಲಲ್ಲಿ ಜಾರಿಬಿದ್ದು ತೀರಿಹೋದರು. ಗೊತ್ತಾಗಿದ್ದು ಮೂರನೆಯ ದಿನ.

"ಒಳಗೆ ಓಡಾಡೋ ಸದ್ದು ಕೇಳ್ತಾನೇ ಇತ್ತು ಕಣವ್ವ. ಇದಾರಲ್ಲ ಅನ್ಕಂಡು ನಾನು ಸುಮ್ಕಿದ್ದೆ. ಅದು ಅಟ್ಟದ ಕಾಯಿ."

ಆಮೇಲೆ ಅವರೇ ಕೇಳಿದರು: "ಹಂಗಾದ್ರೆ ಹಿತ್ಲಲ್ಲಿ ನಾನು ನೋಡಿದ್ದು ಯಾರ್ನ?"

ಆ ಟೀಚರಮ್ಮನಿಗೆ ಉದ್ದ ಕೂದಲಿತ್ತೇ ಎಂದು ನಾನು ಕೇಳಲಿಲ್ಲ. ಬದಲಿಗೆ ಅವರನ್ನು ಆಟೋದಲ್ಲಿ ಕೂರಿಸಿಕೊಂಡು ಅಂಗಡಿಗೆ ಕರೆದೊಯ್ದೆ. ಒಬ್ಬರ ಕಣ್ಣಿಗೆ ಪೊರೆ ಬಂದಿರಲಿ ಎಂದು ನಾನು ಹಾರೈಸಿದ್ದು ಅದೊಂದೇ ಸಲ. ಗಂಗಮ್ಮ ಪರೀಕ್ಷೆಯ ಹಲಗೆಯ ಕಟ್ಟಕಡೆಯ ಸಾಲಿನ ಅಕ್ಷರಗಳನ್ನೂ ತಡವರಿಸದೆ ಓದಿದರು.

ಅದೇ ವಾರ ಅಂಗಡಿಗೆ ಕಣ್ಣು ತೋರಿಸಲು ಬಂದವಳು ಬಸ್ ಕಂಡಕ್ಟರ್ ರತ್ನ. ಮಾತಿಗೆ ಮಾತು ಬಂದು, ರೂಮು ಹುಡುಕುತ್ತಿದ್ದೇನೆಂದಳು. ಕೋಳಿ ತಿನ್ನುತ್ತಾಳೆ, ಡ್ಯೂಟಿ ಮುಗಿಸಿ ಬರುವುದು ಎಂಟು ದಾಟಿದ ಮೇಲೆ. ಮೊದಲೆರಡು ಕರಾರು ಅಲ್ಲಿಗೇ ಮುರಿದುಬಿದ್ದವು. ಆದರೂ ಕರೆದುಕೊಂಡು ಹೋದೆ. ಅಟ್ಟದ ಸದ್ದಿನ ಬಗ್ಗೆ ನಾನೇ ಮೊದಲು ಹೇಳಿದೆ. ಬಸ್ಸಿನ ಟಾಪಿನ ಮೇಲೆ ಇದಕ್ಕಿಂತ ಜೋರು ಕೇಳಿದ್ದೇನೆ ಎಂದು ಅವಳು ಉಪ್ಪಿಟ್ಟು ಪೂರ್ತಿ ತಿಂದಳು. ಗಂಗಮ್ಮ ಕೋಳಿಯ ಮಾತನ್ನು ಕೇಳಿಸಿಕೊಳ್ಳದವರಂತೆ ಇದ್ದು, ಗೇಟಿನ ಇನ್ನೊಂದು ಬೀಗದಕೈ ತಂದು ಅವಳ ಕೈಗಿಟ್ಟರು. ಹೊಸದಾಗಿ ಒಂದೇ ಕರಾರು ಸೇರಿಸಿದರು. ದಿನಾ ಬೆಳಿಗ್ಗೆ ಅವರು ಮುಂದಿನ ಮನೆಯಿಂದ ಹೆಸರು ಹಿಡಿದು ಕರೆಯುತ್ತಾರೆ, ನಾವು ಓಗೊಡಬೇಕು. "ಸದ್ದು ಮಾಡಿದ್ರೆ ಆಗಕ್ಕಿಲ್ಲ, ಬಾಯಲ್ಲಿ ಹೇಳ್ಬೇಕು" ಎಂದರು.

ಹಾಗೇ ನಡೆಯಿತು. ರತ್ನಳ ಗೊರಕೆ ಮತ್ತು ಮಾತಿನ ನಡುವೆ ಅಟ್ಟ ಮತ್ತೆ ಅಟ್ಟವಾಯಿತು. ಹಿತ್ತಿಲಲ್ಲಿ ಗಂಗಮ್ಮನಿಗೆ ಆಮೇಲೆ ಯಾರೂ ಕಾಣಿಸಲಿಲ್ಲ.

ಹೋದ ವಾರ ರತ್ನ ಮೊದಲ ಬಸ್ಸಿನ ಡ್ಯೂಟಿಗೆ ಹೋಗಿದ್ದಳು. ನಾನು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಸ್ನಾನಕ್ಕೆ ಕೂತಿದ್ದೆ. ಹೊರಬಂದು ಗಡಿಯಾರ ನೋಡಿದರೆ ಗಂಗಮ್ಮ ಕರೆಯುವ ಹೊತ್ತು ಮೀರಿತ್ತು. ಗಾಬರಿಯಾಗಿರುತ್ತಾರೆಂದು ಒದ್ದೆ ತಲೆಯಲ್ಲೇ ಓಡಿದೆ. ಅವರು ನೆಮ್ಮದಿಯಾಗಿ ಹೂ ಬಿಡಿಸುತ್ತಿದ್ದರು. ನನ್ನನ್ನು ಕರೆಯಲಿಲ್ಲವೇ ಎಂದು ಕೇಳಿದೆ.

"ಕರೆದ್ನಲ್ಲ. ಇದೀನಿ ಅಂದ್ರಲ್ಲ ನೀವು."

ನಾನಲ್ಲ ಎನ್ನಲು ಬಾಯಿ ತೆರೆದವಳು, ಆ ಅರಳಿದ ಮುಖ ನೋಡಿ ಮುಚ್ಚಿಕೊಂಡೆ. ಈಗ ಅವರು ಕರೆಯುವ ಹೊತ್ತಿಗೆ ಮುಂಚೆಯೇ ಎದ್ದು ಬಾಗಿಲಲ್ಲಿ ನಿಂತಿರುತ್ತೇನೆ. ನನ್ನ ಹೆಸರು ಅವರ ಬಾಯಿಂದ ಪೂರ್ತಿ ಹೊರಡುವ ಮೊದಲೇ, ಗಟ್ಟಿಯಾಗಿ, ಇದ್ದೇನೆ ಎನ್ನುತ್ತೇನೆ. ಅಷ್ಟನ್ನು ಮಾತ್ರ ನಾನೇ ಹೇಳಿಕೊಳ್ಳಬೇಕು ನೋಡಿ.